ಎರಡು ಶಾಲೆಯ ಮುಕ್ತಾ

ಗದಗದಿಂದ ಹುಬ್ಬಳ್ಳಿಗೆ ವರ್ಗವಾಗಿ ಬಂದ ನೀಲಾಂಬಿಕೆ ತನ್ನ ಮಗಳು ಮುಕ್ತಾಳಿಗೆ ಹೈಸ್ಕೂಲು ಹುಡುಕುತ್ತಿದ್ದಳು. ಇಲ್ಲಿನ ಪ್ರತಿ ಶಾಲೆಯಲ್ಲೂ, ಅಲ್ಲಿ ಓದಿದರೆ ತಮ್ಮ ಮಗು ಬೆಳೆದು ಮುಂದೆ ಏನಾಗುತ್ತದೋ, ಆ ದೊಡ್ಡವರಾದ ಮಗುವನ್ನೇ ತಂದೆತಾಯಿಗೆ ಮೊದಲೇ ಭೇಟಿ ಮಾಡಿಸುತ್ತಿದ್ದರು.

ಮೊದಲ ಶಾಲೆಯಲ್ಲಿ ಸಿಕ್ಕ ಮೂವತ್ತರ ಮುಕ್ತಾ ಡಾಕ್ಟರು. ಮಾತು ಕಡಿಮೆ, ಆದರೂ ತಾಯಿಯ ಊದಿದ ಪಾದ ಕಂಡೊಡನೆ ಕೂತು ಒತ್ತಿ ನೋಡಿದಳು. ಎರಡನೆಯ ಶಾಲೆಯ ಮುಕ್ತಾ ಲಾರಿ ಓಡಿಸುತ್ತಿದ್ದಳು. ನೀಲಾಂಬಿಕೆ ಹೊಟ್ಟೆ ಹಿಡಿದುಕೊಂಡು ನಗುವಂತೆ ಮಾಡಿದಳು.

"ನನಗೊಂದೂ ತಿಳಿವಲ್ದು. ಯಾವ ಸಾಲಿಗೆ ಹಾಕ್ಲಿ? ನೀನಽ ಹೇಳವಾ," ಎಂದಳು ತಾಯಿ.

ಲಾರಿಯ ಮುಕ್ತಾಳ ನಗು ಆರಿತು. "ಆ ಮೊದಲ್ನೇ ಸಾಲಿಗೆ ಹಾಕಿದ್ರ ನಾ ಇರೂದಿಲ್ಲಲ್ಲ, ಯವ್ವಾ."

ಗೇಟಿನ ಹೊರಗೆ ಹದಿಮೂರರ ಮುಕ್ತಾ ಕಾಯುತ್ತಿದ್ದಳು. "ಮುಂದಿನ ಓಣ್ಯಾಗ ಇನ್ನೊಂದು ಸಾಲಿ ಐತಿ. ನೋಡ್ಕೊಂಡು ಬರ್ತಿಯೇನು?"

ನೀಲಾಂಬಿಕೆ ಅವಳ ಕೈ ಗಟ್ಟಿಯಾಗಿ ಹಿಡಿದಳು. "ಬ್ಯಾಡವಾ. ಇನ್ನೊಬ್ಬಾಕಿನ್ನ ಬಿಟ್ಟು ಬರೂದು ನನ್ನ ಕೈಲೆ ಆಗೂದಿಲ್ಲ."