ಅಜ್ಜಿ ಹಾಡದ ಜೋಗುಳ

“ನಮ್ಮ ಯಹೂದಿಗಳ ಲಾದಿನೋ ಭಾಷೆಯ ಈ ಜೋಗುಳ ಹಾಡಿಯೇ ಅಜ್ಜಿ ನನ್ನನ್ನು ಮಲಗಿಸುತ್ತಿದ್ದಳು,” ಎಂದು ಮತಿಲ್ಡಾ ಹೇಳಿದಾಗ ಗ್ರೀಸಿನ ಥೆಸಲೊನೀಕಿಯ ಸಭಾಂಗಣವೆಲ್ಲ ಚಪ್ಪಾಳೆ ತಟ್ಟಿತು. ಮುಂದಿನ ಸಾಲಿನಲ್ಲಿದ್ದ ಅಜ್ಜಿಯ ತಂಗಿ ಓರೊ ಮಾತ್ರ ಕೈಗಳನ್ನು ಮಡಿಲಿನಿಂದ ಎತ್ತಲಿಲ್ಲ.

ಹಾಡು ಮುಗಿಸಿ ಕೆಳಗಿಳಿದ ಮತಿಲ್ಡಾ ಕೇಳಿದಳು: “ಚಿಕ್ಕಜ್ಜಿ, ಹಿಡಿಸ್ಲಿಲ್ವಾ?”

“ಚೆನ್ನಾಗೇ ಹಾಡ್ದೆ. ಎಲ್ಲಿ ಕಲ್ತೆ?”

“ಹಳೇ ರೆಕಾರ್ಡಿಂದ,” ಎಂದಳು, ದನಿ ತಗ್ಗಿಸಿ.

“ಅದೇ ಅಂದ್ಕೊಂಡೆ. ‘ಆ ಯಹೂದಿ ಭಾಷೆ ಬೇಡ, ಗೆಳತೀರು ನಗ್ತಾರೆ’ ಅಂತ ಸಣ್ಣೋಳಿದ್ದಾಗ ನೀನು ಅಕ್ಕನ ಮೇಲೆ ಎಷ್ಟು ರೇಗಿದ್ದೆ! ಅವತ್ತಿಂದ ಅಕ್ಕ ನಿನ್ನೆದುರು ಹಾಡ್ಲೇ ಇಲ್ಲ ಕಣೆ.”

ಮತಿಲ್ಡಾಳಿಗೆ ಅದು ಚೆನ್ನಾಗಿ ನೆನಪಿತ್ತು. ನಾಚಿಕೆಯಿಂದ ಅವಳ ಕಿವಿಗಳು ಬಿಸಿಯಾದವು. ಜನ ‘ಇನ್ನೊಮ್ಮೆ’ ಎಂದು ಕೂಗುತ್ತಿದ್ದರು. ಅವಳು ವೇದಿಕೆ ಹತ್ತಿ ಮೈಕು ಹಿಡಿದಳು.

“ಆಗ್ಲೇ ಹೇಳಿದ್ದು ಸುಳ್ಳು. ನಮ್ಮಜ್ಜಿ ಬಾಯಿ ಮುಚ್ಚಿಸಿದ್ದೇ ನಾನು.”