ರಾಸುವಕ್ಕ

ಶಿವಲಿಂಗಮ್ಮ ಮೂರು ಗುಳಿಗೆಗಳನ್ನು ಅಂಗೈಯಲ್ಲಿ ಹಿಡಿದು ಕೂತಿದ್ದಳೇ ಹೊರತು ಬಾಯಿಗೆ ಹಾಕಿಕೊಳ್ಳಲಿಲ್ಲ. ಎದುರಿಗೆ ಅವಳ ಮನೆಯ ಕಟ್ಟೆಯ ಮೇಲೆ ಸಿಸ್ಟರ್ ನಿರೀನಾ ನೀರಿನ ತಂಬಿಗೆ ಹಿಡಿದು ಕಾಯುತ್ತಿದ್ದಳು. ಕ್ಷಯದ ಗುಳಿಗೆ, ಕಣ್ಣೆದುರೇ ನುಂಗಿಸಿ ಬರಬೇಕು ಎಂದು ಹೇಳಿ ಹಿರಿಯ ಸಿಸ್ಟರ್ ಇವತ್ತು ಮೊದಲ ಸಲ ಅವಳೊಬ್ಬಳನ್ನೇ ಕಳಿಸಿದ್ದರು.

ಮಡಗಾಸ್ಕರಿನಿಂದ ಸೇವೆಗೆಂದು ಬಂದ ಕ್ರೈಸ್ತ ಸನ್ಯಾಸಿನಿ, ಇಪ್ಪತ್ತೈದರ ಹುಡುಗಿ. ಮೈಸೂರಿನಲ್ಲಿ ಏಳು ತಿಂಗಳು ಕನ್ನಡ ಕಲಿತು, ಕುಕನೂರಿನ ಹತ್ತಿರದ ಈ ಹಳ್ಳಿಯ ದವಾಖಾನೆಗೆ ಬಂದು ಐದು ದಿನವಾಗಿತ್ತು. ಕಲಿತ ಕನ್ನಡ ದಾರಿಯಲ್ಲೇ ಯಾವುದೋ ಸ್ಟೇಷನ್ನಿನಲ್ಲಿ ಇಳಿದುಹೋದಂತಿತ್ತು. ಇಲ್ಲಿಯವರು ಆಡುವ ಹತ್ತು ಮಾತಿನಲ್ಲಿ ಎರಡು ಕೈಗೆ ಸಿಕ್ಕರೆ ಹೆಚ್ಚು.

"ನುಂಗಿ ಅಜ್ಜಿ, ದಯವಿಟ್ಟು," ಎಂದಳು.

"ನುಂಗತೀನವ್ವ. ಹೊಟ್ಟಿ ತೊಳಸ್ತೈತಿ, ತಟಗ ತಡಿ. ಅಲ್ಲಿತನಾ ಏನರ ಮಾತಾಡು." ಹುಡುಗಿಗೆ ತಿಳಿಯಲಿಲ್ಲವೆಂದು ಕಂಡು ಶಿವಲಿಂಗಮ್ಮ ಒಂದೊಂದೇ ಮಾತನ್ನು ಬಿಡಿಸಿ ಕೇಳಿದಳು. "ನಿಮ್ಮ ಅವ್ವನ ಹೆಸರೇನ?"

ಈ ಐದು ದಿನದಲ್ಲಿ ಜನ ಅವಳ ಹೆಸರು ಕೇಳಿದ್ದರು, ದೇಶ ಕೇಳಿದ್ದರು, ಲಗ್ನ ಯಾಕೆ ಆಗಿಲ್ಲವೆಂದು ಕೇಳಿದ್ದರು. ಇದನ್ನು ಯಾರೂ ಕೇಳಿರಲಿಲ್ಲ.

"ರಾಸುವಾ."

"ಆರಾಮ ಅದಾಳ?"

ನಿರೀನಾ ತಂಬಿಗೆಯ ನೀರು ನೋಡಿದಳು. "ಇಲ್ಲ. ತೀರಿಕೊಂಡರು. ನಾಲ್ಕು ತಿಂಗಳಾಯಿತು. ನಾನು ಮೈಸೂರಿನಲ್ಲಿದ್ದೆ."

"ಮತ್ತ ನೀ ಹೋಗಲಿಲ್ಲ?"

ಹೋದರೆ ಮರಳಿ ಬರಲು ವೀಸಾ ಸಿಗುವ ಖಾತ್ರಿಯಿಲ್ಲ ಎಂದು ಮೈಸೂರಿನ ಸಿಸ್ಟರುಗಳು ಹೇಳಿದ್ದರು. ಅದನ್ನು ಹೇಳುವಷ್ಟು ಕನ್ನಡ ಸಾಲದೆ ಅವಳು ಇಲ್ಲವೆಂದು ತಲೆಯಾಡಿಸಿದಳು.

"ಅವ್ವ ಹೋದ್ಲಂತ ಅತ್ತಿ ಇಲ್ಲೋ?"

"ಪ್ರಾರ್ಥನೆ ಮಾಡಿದೆ."

"ನಾ ಕೇಳಿದ್ದು ಅದಲ್ಲ."

"ಇಲ್ಲಿ ಅವರನ್ನು ನೋಡಿದವರು ಯಾರೂ ಇಲ್ಲ," ಎಂದಳು ನಿರೀನಾ. "ಯಾರ ಹತ್ತಿರ ಅಳಲಿ?"

ಶಿವಲಿಂಗಮ್ಮ ಮೂರೂ ಗುಳಿಗೆಗಳನ್ನು ಒಮ್ಮೆಲೇ ಬಾಯಿಗೆ ಹಾಕಿಕೊಂಡು, ತಂಬಿಗೆ ಇಸಿದುಕೊಂಡು ಗಟಗಟ ಕುಡಿದಳು. ಸೆರಗಿನಿಂದ ಬಾಯೊರೆಸಿಕೊಂಡು, "ಹಂಗಾರ ಹೇಳು. ಹೆಂಗಿದ್ಲು ನಿಮ್ಮವ್ವ? ಏನ್ ಮಾಡ್ತಿದ್ಲು?" ಎಂದಳು.

ನಿರೀನಾ ತುಂಡು ತುಂಡು ಮಾತಿನಲ್ಲಿ, ಉಳಿದದ್ದನ್ನು ಕೈಸನ್ನೆಯಲ್ಲಿ ಹೇಳಿದಳು. ಅಮ್ಮ ಹುಲ್ಲಿನಿಂದ ಚಾಪೆ ಹೆಣೆಯುತ್ತಿದ್ದಳು, ಬೆರಳ ತುದಿಯಲ್ಲಿ ಯಾವಾಗಲೂ ಗೀರು. ಅನ್ನ ತಳ ಹಿಡಿದ ಪಾತ್ರೆಗೆ ನೀರು ಹಾಕಿ ಕುದಿಸಿ ಕುಡಿಯಲು ಕೊಡುತ್ತಿದ್ದಳು, ಅದರ ಮೊದಲ ಲೋಟಕ್ಕೆ ಮಕ್ಕಳಲ್ಲಿ ಜಗಳ. ತಲೆ ಬಾಚುವಾಗ ಅಲುಗಾಡಿದರೆ ಬಾಚಣಿಗೆಯಿಂದಲೇ ಒಂದು ಏಟು. ಹೊರಟು ಬಂದ ದಿನ ಅಮ್ಮ ಹೋಗು ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಬಸ್ಸು ಬರುವವರೆಗೂ ಮಗಳ ಜಡೆ ಹೆಣೆಯುವುದು, ಸರಿಯಾಗಲಿಲ್ಲವೆಂದು ಬಿಚ್ಚುವುದು, ಮತ್ತೆ ಹೆಣೆಯುವುದು, ಇಷ್ಟೇ ಮಾಡಿದಳು.

ಹೇಳಿ ಮುಗಿಸಿದಾಗ ನಿರೀನಾಳ ಕೈ ತಲೆವಸ್ತ್ರದ ಮೇಲಿತ್ತು. ಅದರ ಕೆಳಗೆ ಈಗ ಜಡೆಯಾಗುವಷ್ಟು ಕೂದಲಿರಲಿಲ್ಲ.

ಶಿವಲಿಂಗಮ್ಮ ಸೆರಗನ್ನು ಹಣೆಯವರೆಗೆ ಎಳೆದುಕೊಂಡು, ಅಂಗೈಯನ್ನು ಗಲ್ಲಕ್ಕೆ ಹಚ್ಚಿ, ಕಣ್ಣು ಮುಚ್ಚಿದಳು. ಮೊದಲು ನಿರೀನಾ ಅದನ್ನು ಹಾಡೆಂದುಕೊಂಡಳು. ಆಮೇಲೆ ಅದರೊಳಗೆ ಅಮ್ಮನ ಹೆಸರು ಕೇಳಿತು.

"ಯಕ್ಕಾ ರಾಸುವಕ್ಕಾ, ಚಾಪಿ ಹೆಣದು ಬೆರಳ ಸವಸಿದಾಕಿ, ಸೀದನ್ನದ ನೀರಿಗೂ ರುಚಿ ತಂದಾಕಿ, ಮಗಳ ಜಡಿ ಬಿಚ್ಚಿ ಬಿಚ್ಚಿ ಹೆಣದಾಕಿ, ಸಮುದ್ರದಾಚಿ ಕಳಿಸಿದ ಕೂಸು ತಿರಗಿ ಬರೂದರೊಳಗ ಎದ್ದ ಹೋದ್ಯಲ್ಲ ನನ್ನಕ್ಕಾ..."

ಸತ್ತವರನ್ನು ಆ ಊರಿನ ಹೆಂಗಸರು ಹಾಡಿಕೊಂಡೇ ಅಳುತ್ತಾರೆ. ಹಾಗಾಗಿ ಪಕ್ಕದ ಮನೆಯ ಗಾಳೆಮ್ಮ ಹಿಟ್ಟಿನ ಕೈಯಲ್ಲೇ ಓಡಿಬಂದಳು.

"ಯಾರ ಹೋದ್ರಬೇ?"

"ಈಕಿ ಹಡದವ್ವ," ಎಂದು ಶಿವಲಿಂಗಮ್ಮ ರಾಗದ ನಡುವೆಯೇ ಹೇಳಿದಳು.

ಗಾಳೆಮ್ಮ ಯಾವೂರು, ಯಾವಾಗ ಎಂದು ಕೇಳಲಿಲ್ಲ. ನಿರೀನಾಳ ಪಕ್ಕದಲ್ಲಿ ಕುಕ್ಕರಿಸಿ, ಬಿಳಿ ಅಂಗಿಗೆ ಹಿಟ್ಟು ಮೆತ್ತಿದರೂ ಬಿಡದೆ ಅವಳ ಕೊರಳು ತಬ್ಬಿ, ತಾನೂ ದನಿಗೂಡಿಸಿದಳು. ಓಣಿಯಿಂದ ಇನ್ನಿಬ್ಬರು ಬಂದರು. ನಿರೀನಾ ಒಂದು ಉಸಿರು ಹಿಡಿದಳು, ಇನ್ನೊಂದು ಹಿಡಿದಳು, ಮೂರನೆಯದನ್ನು ಹಿಡಿಯಲಾಗಲಿಲ್ಲ. "ನೇನಿ," ಎಂದಳು, "ನೇನಿ, ನೇನಿ." ಅದು ಯಾವ ಭಾಷೆಯೋ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹಾಗೆಂದರೇನೆಂದೂ ಯಾರೂ ಕೇಳಲಿಲ್ಲ.

ಅಳು ಸ್ವಲ್ಪ ಇಳಿಯುವ ಹೊತ್ತಿಗೆ ಕುಕನೂರಿನ ಸಂತೆಯಿಂದ ಬರುತ್ತಿದ್ದ ಖಾಜಾಬೀ ಬುಟ್ಟಿ ಇಳಿಸಿ, ತಲೆಯ ಮೇಲೆ ಸೆರಗು ಹೊದ್ದು, ಹೆಣ ಹೂಳುವ ಹೊತ್ತನ್ನು, ಸಾವಿನ ಮನೆಗೆ ಬಂದವರೆಲ್ಲ ಕೇಳುವಂತೆ, ಮೆಲ್ಲಗೆ ಕೇಳಿದಳು. "ಮಣ್ಣು ಎಷ್ಟೊತ್ತಿಗೈತ್ರಿ?"

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ನಿರೀನಾಳಿಗೆ ಆ ಪ್ರಶ್ನೆಯಲ್ಲಿ ತಿಳಿದದ್ದು ಒಂದೇ ಮಾತು, ಮೈಸೂರಿನ ಪಾಠದಲ್ಲಿ ನೀರು, ಗಾಳಿಗಳ ಜೊತೆ ಕಲಿತದ್ದು. ಅವಳು ಮುಖ ಒರೆಸಿಕೊಂಡು ಖಾಜಾಬೀಯ ಕಡೆ ತಿರುಗಿದಳು.

"ಕೆಂಪು," ಎಂದಳು. "ನಮ್ಮ ಊರಲ್ಲಿ ಮಣ್ಣು ತುಂಬಾ ಕೆಂಪು."