ಕಣ್ಣು ಮುಚ್ಚಿ ಹಿಡಿದ ಹ್ಯಾಂಡಲ್

“ಕಣ್ಣು ಮುಚ್ಕೊಂಡು ಕೈ ಚಾಚಪ್ಪ. ಎಲ್ಲಿ ಹಾಯಾಗಿರುತ್ತೋ ಅಲ್ಲೇ ನಿಲ್ಸು,” ಎಂದಳು ಮಗಳು, ಸ್ಪ್ಯಾನರ್ ಹಿಡಿದು. ಬೈಕಿನ ಮೇಲೆ ಕೂತಿದ್ದ ಅಪ್ಪನ ಕೈಗಳು ಹ್ಯಾಂಡಲ್ ಬಿಟ್ಟು ಮೇಲೆದ್ದು, ಗಾಳಿಯಲ್ಲಿ ಅಗಲವಾಗಿ ನಿಂತವು.

ತಮ್ಮ ತಮ್ಮ ಬೈಕುಗಳ ರಿಪೇರಿಗೆಂದು ಶೆಡ್ಡಿನಲ್ಲಿ ಸೇರಿದ್ದ ಅಪ್ಪನ ಗೆಳೆಯರು ಹೊಟ್ಟೆ ಹುಣ್ಣಾಗುವಂತೆ ನಕ್ಕರು. “ರಿಟೈರಾದ್ರೂ ಬಸ್ಸಿನ ಸ್ಟೀರಿಂಗ್ ಬಿಟ್ಟಿಲ್ವಲ್ಲ ನಮ್ಮ ಡ್ರೈವರ್ ಸಾಹೇಬ್ರು!”

ಮಗಳು ನಗಲಿಲ್ಲ. ಮಣಿಕಟ್ಟು ನೋವೆಂದು ಅಪ್ಪ ಬೈಕನ್ನೇ ಮಾರಲು ಹೊರಟಿದ್ದ. ಆ ಕೈಗಳು ನಿಂತ ಎತ್ತರಕ್ಕೇ ಅವಳು ಅಗಲದ ಹೊಸ ಹ್ಯಾಂಡಲ್ ಕೂರಿಸಿದಳು. ಎರಡೂ ಕಡೆ ಪೂರ್ತಿ ತಿರುಗಿಸಿ, ಬ್ರೇಕ್, ಕ್ಲಚ್ ಕೇಬಲ್‌ಗಳು ಎಳೆದುಕೊಳ್ಳುವುದಿಲ್ಲವೆಂದು ಖಾತ್ರಿ ಮಾಡಿಕೊಂಡು ಬಿಗಿದಳು.

ಅಪ್ಪ ಅಂಗಳದಲ್ಲೊಂದು ಸುತ್ತು ಹೊಡೆದು ಬಂದ. ಮಣಿಕಟ್ಟು ಒತ್ತಿಕೊಳ್ಳಲಿಲ್ಲ. ಬೈಕನ್ನು ಗೇಟಿನತ್ತ ತಿರುಗಿಸಿದಾಗ ನಕ್ಕವರೇ ದಾರಿ ಬಿಟ್ಟರು.

“ಹಿಂದೆ ಸೀಟು ಖಾಲಿ ಇದೆ, ಹತ್ತಮ್ಮ.”

ಮಗಳು ಹತ್ತಿ ಕೂತು, ಸೀಟಿನ ಪಕ್ಕ ಪಟಪಟನೆ ತಟ್ಟಿ ಕೂಗಿದಳು: “ರೈಟ್, ರೈಟ್!”